15 ಮಿಲಿಮೀಟರ್ ದಪ್ಪದ ಹೆಬ್ಬಂಡೆ

ಸುಳ್ಳು ಬಂಡೆಯನ್ನು ದೂರದಿಂದಲೇ ಗುರುತಿಸಬಲ್ಲೆ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ಉದ್ಯಾನಗಳಲ್ಲಿ, ಹೋಟೆಲುಗಳ ಅಂಗಳದಲ್ಲಿ, ಮೃಗಾಲಯಗಳ ಆವರಣದಲ್ಲಿ ಸಿಮೆಂಟಿನ ಗುಡ್ಡಗಳನ್ನು ಕಂಡಾಗಲೆಲ್ಲ ಮೂಗು ಮುರಿಯುತ್ತಿದ್ದೆ. ಆದರೆ ಅದು ಸುಳ್ಳೆಂದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಬಣ್ಣ ಸರಿಯಿಲ್ಲ ಎಂದು ತೋಚಿದ್ದನ್ನು ಹೇಳಿ ಜಾರಿಕೊಳ್ಳುತ್ತಿದ್ದೆನೇನೋ. ಅಂಥದ್ದೊಂದನ್ನು ಕಟ್ಟುವ ತಂಡದಲ್ಲಿ ಸೇರಿ ಕೈಕಾಲಿಗೆಲ್ಲ ಸಿಮೆಂಟು ಮೆತ್ತಿಸಿಕೊಂಡ ಮೇಲೆ ತಿಳಿದದ್ದು, ಬಣ್ಣದ ಪಾತ್ರ ಕೊನೆಯದು. ಸುಳ್ಳು ಸಿಕ್ಕಿಬೀಳುವುದು ಬಿರುಕುಗಳಲ್ಲಿ.

ಉದ್ಯಾನಗಳನ್ನು ವಿನ್ಯಾಸ ಮಾಡುವ ಗೆಳೆಯರೊಬ್ಬರು ಒಪ್ಪಿಕೊಂಡಿದ್ದ ಕೆಲಸವದು. ಒಂದು ಕೊಳ, ಅದರ ಹಿಂದೆ ಸುಮಾರು 3 ಮೀಟರ್ ಎತ್ತರ, 8 ಮೀಟರ್ ಉದ್ದದ ಬೋಳು ಗೋಡೆ. ಗೋಡೆ ಕಾಣಬಾರದು, ಅಲ್ಲೊಂದು ಬಂಡೆಗಲ್ಲಿನ ಮುಖವಿರಬೇಕು, ಅದರ ಸೀಳಿನಿಂದ ನೀರು ಇಳಿಯಬೇಕು. ನಿಜವಾದ ಬಂಡೆಗಳನ್ನೇ ತಂದು ಜೋಡಿಸಬಹುದಲ್ಲ ಎಂದು ನಾನು ಕೇಳಿದ್ದೆ. ಗೆಳೆಯರು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ಒಂದು ಘನ ಮೀಟರ್ ಗ್ರಾನೈಟ್ ಎಂದರೆ ಹತ್ತಿರ ಹತ್ತಿರ 2,650 ಕಿಲೋ. ಆ ಜಾಗಕ್ಕೆ ಕ್ರೇನ್ ಬರಲು ದಾರಿಯಿಲ್ಲ, ಗೋಡೆಯ ಬುನಾದಿಗೆ ಅಷ್ಟು ಭಾರ ಹೊರುವ ಶಕ್ತಿಯೂ ಇಲ್ಲ. ಅದೇ ಗಾಜಿನ ನಾರು ಬೆರೆಸಿದ ಕಾಂಕ್ರೀಟಿನಲ್ಲಿ 15 ಮಿಲಿಮೀಟರ್ ದಪ್ಪದ ಚಿಪ್ಪು ಮಾಡಿದರೆ ಚದರ ಮೀಟರಿಗೆ 30 ಕಿಲೋದಷ್ಟು ತೂಗುತ್ತದೆ. ಉಬ್ಬು ತಗ್ಗು, ಮಡಿಕೆಗಳನ್ನೆಲ್ಲ ಸೇರಿಸಿ ಮೇಲ್ಮೈ 40 ಚದರ ಮೀಟರ್ ಎಂದಿಟ್ಟುಕೊಂಡರೂ ಇಡೀ ಬಂಡೆಯ ಸಾಲು 1,200 ಕಿಲೋ. ಅರ್ಧ ಘನ ಮೀಟರ್ ಗ್ರಾನೈಟಿಗಿಂತ ಕಡಿಮೆ!

ತಂಡ ದೊಡ್ಡದೇನಲ್ಲ. ಎಲ್ಲರೂ ಮೇಸ್ತ್ರಿ ಎಂದು ಕರೆಯುವ ಹಿರಿಯರೊಬ್ಬರು, ಒಬ್ಬ ವೆಲ್ಡರ್, ಇಬ್ಬರು ಹುಡುಗರು, ಮತ್ತು ಕುತೂಹಲವೊಂದನ್ನೇ ಬಂಡವಾಳ ಮಾಡಿಕೊಂಡು ಬಂದಿದ್ದ ನಾನು. ಮೇಸ್ತ್ರಿಯವರು ಮಾತು ಕಡಿಮೆ ಆಡುವವರು. ಸಿಮೆಂಟಿನ ಚೀಲ ಬಿಚ್ಚುವ ಮೊದಲು ನಮ್ಮನ್ನೆಲ್ಲ ಒಂದು ಗುಡ್ಡಕ್ಕೆ ಕರೆದೊಯ್ದರು. ಬಂಡೆಗಳ ಚಿತ್ರ ತೆಗೆಯುವುದಕ್ಕೆಂದು ನಾನು ಮೊಬೈಲ್ ಹೊರತೆಗೆದಾಗ, "ಅದನ್ನು ಒಳಗಿಡಿ, ಮೊದಲು ಪೆನ್ಸಿಲ್ ತೆಗೆದುಕೊಳ್ಳಿ. ಬರೀ ಬಿರುಕುಗಳನ್ನು ಬರೆಯಿರಿ, ಬಂಡೆಯನ್ನು ಬರೆಯಬೇಡಿ" ಎಂದರು.

ಬರೆಯತೊಡಗಿದ ಮೇಲೆಯೇ ಕಣ್ಣು ತೆರೆದದ್ದು. ಬಿರುಕುಗಳು ಮನಬಂದಂತೆ ಓಡುವುದಿಲ್ಲ. ಒಂದು ಗುಂಪಿನ ಸೀಳುಗಳೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಸಮಾನಾಂತರವಾಗಿ ಸಾಗಿರುತ್ತವೆ. ಅವನ್ನು ಕತ್ತರಿಸುವ ಎರಡನೆಯ ಗುಂಪು, ಅದೂ ತನ್ನೊಳಗೆ ಸಮಾನಾಂತರ. ಭೂಮಿಯ ಆಳದಲ್ಲಿ ತಣಿದ ಗ್ರಾನೈಟ್, ಮೇಲಿನ ಭಾರ ಸವೆದುಹೋದಂತೆ ಹಿಗ್ಗಿ, ನೆಲಕ್ಕೆ ಸಮಾನಾಂತರವಾಗಿ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತದೆ. ಅದು ಮೂರನೆಯ ಗುಂಪು. ಈ ಮೂರೂ ಕೂಡಿ ಬಂಡೆಯನ್ನು ದೊಡ್ಡ ದೊಡ್ಡ ಇಟ್ಟಿಗೆಗಳಾಗಿ ಒಡೆಯುತ್ತವೆ. ಆಮೇಲೆ ನೀರು ಆ ಸೀಳುಗಳಲ್ಲಿ ಇಳಿದು ಮೂಲೆಗಳನ್ನು ಎರಡು ಮೂರು ಕಡೆಯಿಂದ ಒಟ್ಟಿಗೆ ತಿನ್ನುತ್ತದೆ. ಮೂಲೆ ಬೇಗ ಸವೆಯುತ್ತದೆ, ಮುಖ ನಿಧಾನವಾಗಿ ಸವೆಯುತ್ತದೆ, ಹಾಗಾಗಿ ಚೌಕದ ತುಂಡು ದುಂಡಗಾಗುತ್ತದೆ. ನಾವು ಕಾಣುವ ದುಂಡು ಹೆಬ್ಬಂಡೆಗಳು ಹೆಚ್ಚಾಗಿ ಇದರ ಫಲ. ಸಿಮೆಂಟಿನ ಗುಡ್ಡ ಕಟ್ಟುವವರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ: ಮೊದಲು ಒಂದು ದುಂಡು ಮುದ್ದೆ ಮಾಡಿ, ಆಮೇಲೆ ಕರಣೆಯ ತುದಿಯಿಂದ ಅದರ ಮೇಲೆ ಅಂಕುಡೊಂಕಾದ ಗೆರೆ ಎಳೆಯುತ್ತಾರೆ. ಆ ಗೆರೆಗೂ ಆ ಆಕಾರಕ್ಕೂ ಯಾವ ನಂಟೂ ಇರುವುದಿಲ್ಲ. ಕಾರಣ ಹೇಳಲು ಬಾರದವನ ಕಣ್ಣಿಗೂ ಅಲ್ಲೇನೋ ಚುಚ್ಚುತ್ತದೆ. ನನ್ನ ಮೂಗು ಮುರಿಯುವಿಕೆಗೆ ಕಾರಣ ಅಲ್ಲಿ ಸಿಕ್ಕಿತು.

ಗುಡ್ಡದಲ್ಲಿ ಮೇಸ್ತ್ರಿಯವರು ತೋರಿಸಿದ ಇನ್ನೊಂದು ವಿಷಯ ಬಂಡೆಯ ಬುಡ. ಮೇಲಿನಿಂದ ಕಳಚಿದ ತುಂಡು ಕೆಳಗೆ ಬಿದ್ದಿರುತ್ತದೆ, ಅದು ಕಳಚಿದ ಗೂಡು ಮೇಲೆ ಖಾಲಿಯಾಗಿರುತ್ತದೆ. "ಕೆಳಗೆ ಕಲ್ಲು ಇಟ್ಟಿರಿ, ಅದು ಎಲ್ಲಿಂದ ಬಂತು?" ಇದು ಅವರು ಮುಂದೆ ಕೆಲಸದುದ್ದಕ್ಕೂ ಕೇಳುತ್ತಿದ್ದ ಪ್ರಶ್ನೆ. ಉತ್ತರ ಕೊಡಲಾಗದ ಕಲ್ಲುಗಳನ್ನೆಲ್ಲ ಅವರು ನಿರ್ದಾಕ್ಷಿಣ್ಯವಾಗಿ ತೆಗೆಸಿಹಾಕಿದರು.

ಅಚ್ಚು ತೆಗೆಯಲು ನಾವು ಆರಿಸಿಕೊಂಡದ್ದು ಮಳೆ ಬಿಸಿಲಿಗೆ ಒಡ್ಡಿದ ಕೆಲವು ಬಂಡೆಮುಖಗಳನ್ನು. ಆಯ್ಕೆಯಲ್ಲಿ ಒಂದು ಜಾಣತನವಿದೆ. ಕಣ್ಣಿಗೆ ಚೆಂದ ಕಂಡ ಭಾಗದ ಸುತ್ತ ಚೌಕ ಎಳೆದು ಅಚ್ಚು ತೆಗೆದರೆ, ಆ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟಿನ ಚಿಪ್ಪುಗಳನ್ನು, ಅಂದರೆ ನಮ್ಮ ಮಾತಿನ ಹಲಗೆಗಳನ್ನು, ಜೋಡಿಸುವಾಗ ಚೌಕದ ಅಂಚೇ ಕಾಣುತ್ತದೆ. ಅದರ ಬದಲು ಅಚ್ಚಿನ ಗಡಿಯನ್ನು ಸಹಜ ಬಿರುಕಿನಲ್ಲಿಯೇ ಮುಗಿಸಬೇಕು. ಬಿರುಕಿನಿಂದ ಬಿರುಕಿಗೆ ಹೋಗುವ ಅಂಕುಡೊಂಕಿನ ಗಡಿ. ಆಗ ಎರಡು ಹಲಗೆ ಸೇರುವ ಸಂದು ಗೋಡೆಯ ಮೇಲೆ ಮತ್ತೊಂದು ಬಿರುಕಾಗಿಬಿಡುತ್ತದೆ. ಸಂದನ್ನು ಮುಚ್ಚಿಡುವ ಗೋಜೇ ಅರ್ಧ ಕಡಿಮೆಯಾಗುತ್ತದೆ.

ದ್ರವ ಲ್ಯಾಟೆಕ್ಸ್ ಎಂದರೆ ರಬ್ಬರ್ ಮರದ ಹಾಲು, ಕೆಡದಿರಲೆಂದು ಅಮೋನಿಯ ಬೆರೆಸಿರುತ್ತಾರೆ. ಡಬ್ಬದ ಮುಚ್ಚಳ ತೆಗೆದೊಡನೆ ಮೂಗಿಗೆ ರಾಚುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಬಂಡೆಯನ್ನು ತೊಳೆದು, ಸಡಿಲ ಮಣ್ಣು ಉಜ್ಜಿ ತೆಗೆದು, ಮೊದಲ ಲೇಪವನ್ನು ತೆಳುವಾಗಿ, ಪ್ರತಿ ರಂಧ್ರಕ್ಕೂ ಕುಂಚ ಕುಟ್ಟಿ ಕುಟ್ಟಿ ಹಚ್ಚಬೇಕು. ಆ ಮೊದಲ ಲೇಪದಲ್ಲಿ ಗಾಳಿಯ ಗುಳ್ಳೆ ಉಳಿದರೆ ಮುಂದೆ ಹುಟ್ಟುವ ಪ್ರತಿ ಹಲಗೆಯ ಮೇಲೂ ಅದೇ ಜಾಗದಲ್ಲಿ ಒಂದು ಗುಳ್ಳೆ ಕೂತಿರುತ್ತದೆ. ಒಂದು ಲೇಪ ಒಣಗಿ ಹಾಲುಬಿಳುಪು ಹೋಗಿ ಜೇನಿನ ಬಣ್ಣಕ್ಕೆ ತಿರುಗಿದ ಮೇಲೆಯೇ ಇನ್ನೊಂದು. ನಡುವಿನ ಲೇಪಗಳಲ್ಲಿ ಹತ್ತಿಯ ಜಾಳಿಗೆ ಬಟ್ಟೆ ಸೇರಿಸಿದೆವು, ಇಲ್ಲದಿದ್ದರೆ ಸುಲಿಯುವಾಗ ಹರಿಯುತ್ತದೆ. ಸಿಲಿಕೋನ್ ಬಳಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು, ಬೆಲೆ ಬಹಳ ಹೆಚ್ಚು. ಬಯಲಲ್ಲಿ, ಓರೆಯಾದ ಬಂಡೆಯ ಮೇಲೆ, ಬೇಕಾದಷ್ಟು ಸಮಯವಿದ್ದರೆ ಲ್ಯಾಟೆಕ್ಸೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದು ಬೇಡುವುದು ತಾಳ್ಮೆಯನ್ನಷ್ಟೆ.

ರಬ್ಬರಿನ ಚರ್ಮ ತಾನಾಗಿ ನಿಲ್ಲುವುದಿಲ್ಲ. ಅದು ಬಂಡೆಯ ಮೇಲಿರುವಾಗಲೇ ಅದರ ಬೆನ್ನಿಗೆ ಫೈಬರ್‌ಗ್ಲಾಸಿನ ಗಟ್ಟಿ ಕವಚ ಕಟ್ಟಿದೆವು, ಬಿಚ್ಚಲು ಅನುಕೂಲವಾಗುವಂತೆ ಎರಡು ಹೋಳಾಗಿ. ಆಮೇಲೆ ಸುಲಿಯುವ ಗಳಿಗೆ. ಲ್ಯಾಟೆಕ್ಸ್ ತನಗೆ ತಾನೇ ಅಂಟಿಕೊಂಡರೆ ಮತ್ತೆ ಬಿಡಿಸಲಾಗದು. ಒಬ್ಬ ಸುಲಿಯುತ್ತಾ ಹೋದಂತೆ ಇನ್ನೊಬ್ಬ ಹಿಂದಿನಿಂದ ಟಾಲ್ಕಂ ಪುಡಿ ಉದುರಿಸುತ್ತಾ ಹೋಗಬೇಕು. ಚರ್ಮ ತಿರುಗಿಸಿ ನೋಡಿದಾಗ ಬಂಡೆ ಒಳಮುಖವಾಗಿ ಅಲ್ಲಿತ್ತು. ಸ್ಫಟಿಕದ ಹರಳು ಎದ್ದ ಜಾಗ, ಅಭ್ರಕ ಉದುರಿದ ಗುಳಿ, ಎಲ್ಲ.

ಇನ್ನು ಕಾಂಕ್ರೀಟಿನ ಮಾತು. ಗಾಜಿನ ನಾರನ್ನು ಸಿಮೆಂಟಿಗೆ ಬೆರೆಸುವುದು ಕೇಳಲು ಸುಲಭ. ಆದರೆ ಸಿಮೆಂಟು ಪ್ರಬಲ ಕ್ಷಾರ, ಹಸಿಯಾಗಿದ್ದಾಗ ಅದರ ಪಿಎಚ್, ಅಂದರೆ ಆಮ್ಲ ಕ್ಷಾರಗಳ ಅಳತೆ, 12.5ರಿಂದ ಮೇಲೆ. ದೋಣಿ, ನೀರಿನ ತೊಟ್ಟಿ ಮಾಡಲು ಬಳಸುವ ಮಾಮೂಲಿ ಗಾಜಿನ ನಾರನ್ನು ಅದು ಕಾಲಕ್ರಮೇಣ ತಿಂದುಹಾಕುತ್ತದೆ. 1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಕಟ್ಟಡ ಸಂಶೋಧನಾ ಕೇಂದ್ರದಲ್ಲಿ ಎ. ಜೆ. ಮಜುಂದಾರ್ ಅವರು ಜಿರ್ಕೋನಿಯ, ಅಂದರೆ ಜಿರ್ಕೋನಿಯಂ ಲೋಹದ ಆಕ್ಸೈಡ್, ಹೆಚ್ಚಾಗಿರುವ ಗಾಜಿನ ಮೇಲೆ ಕೆಲಸ ಮಾಡಿದರು. ಪಿಲ್ಕಿಂಗ್ಟನ್ ಕಂಪನಿ 1970ರ ದಶಕದ ಆರಂಭದಲ್ಲಿ ಅದನ್ನು ಸೆಮ್‌ಫಿಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಕ್ಷಾರಕ್ಕೆ ಜಗ್ಗದ ಗಾಜು ಎಂದರೆ ಇಂದಿಗೂ 16 ಪ್ರತಿಶತ ಅಥವಾ ಅದಕ್ಕಿಂತ ಹೆಚ್ಚು ಜಿರ್ಕೋನಿಯ ಇರುವ ಗಾಜು. ಚೀಲದ ಮೇಲೆ ಆ ಮಾಹಿತಿ ಇಲ್ಲದ ನಾರನ್ನು ಮೇಸ್ತ್ರಿಯವರು ಮುಟ್ಟುತ್ತಿರಲಿಲ್ಲ. ನೋಡಲು ಎರಡೂ ಒಂದೇ ಥರ ಬೆಳ್ಳಗಿರುತ್ತವೆ, ಮೊದಮೊದಲು ಎರಡೂ ಒಂದೇ ಥರ ಕೆಲಸ ಮಾಡುತ್ತವೆ. ಅಪಾಯವಿರುವುದೇ ಅಲ್ಲಿ.

ನಾವು ಬಳಸಿದ ಪಾಕ ಹೀಗಿತ್ತು. 50 ಕಿಲೋ ಸಿಮೆಂಟಿಗೆ 50 ಕಿಲೋ ತೊಳೆದ ಸಣ್ಣ ಮರಳು. ಜಲ್ಲಿಯ ಮಾತೇ ಇಲ್ಲ. ಸಿಮೆಂಟಿನ ಹತ್ತನೆಯ ಒಂದು ಭಾಗವನ್ನು ಕಡಿಮೆ ಮಾಡಿ ಅಷ್ಟೇ ಮೆಟಾಕಯೋಲಿನ್, ಅಂದರೆ ಸುಟ್ಟ ಬಿಳಿ ಜೇಡಿಯ ಪುಡಿ. ಅದು ಸಿಮೆಂಟಿನಿಂದ ಬಿಡುಗಡೆಯಾಗುವ ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅರ್ಧಕ್ಕರ್ಧ ನೀರೇ ಇರುವ ಅಕ್ರಿಲಿಕ್ ಪಾಲಿಮರ್ ದ್ರವ 5 ಕಿಲೋ. ಆ ದ್ರವದಲ್ಲೇ ಇರುವ ಎರಡೂವರೆ ಲೀಟರ್ ನೀರನ್ನು ಲೆಕ್ಕದಿಂದ ಕಳೆದ ಮೇಲೆ, ಬೇರೆಯಾಗಿ ಸುರಿದದ್ದು 14 ಲೀಟರ್ ತಣ್ಣೀರು. ನೀರು ಇಷ್ಟು ಕಡಿಮೆಯಾದರೂ ಪಾಕ ಹರಿಯುವಂತೆ ಮಾಡುವುದು ಒಂದು ಹಿಡಿಯಷ್ಟು ಪ್ಲಾಸ್ಟಿಸೈಜರ್. ಎಲ್ಲ ನುಣ್ಣಗಾದ ಮೇಲೆ ಕಟ್ಟಕಡೆಗೆ ಮೂರೂವರೆ ಕಿಲೋಗಿಂತ ತುಸು ಹೆಚ್ಚು ನಾರು, 12 ಮಿಲಿಮೀಟರ್ ಉದ್ದದ ಎಳೆಗಳು. ಒಟ್ಟು ತೂಕದ 3 ಪ್ರತಿಶತ. ನಾರು ಬಿದ್ದ ಮೇಲೆ ಕಲಸುವ ಯಂತ್ರವನ್ನು ನಿಧಾನಗತಿಗೆ ಇಳಿಸಿ ಒಂದು ನಿಮಿಷದೊಳಗೆ ನಿಲ್ಲಿಸಿಬಿಡಬೇಕು. ಹೆಚ್ಚು ತಿರುಗಿಸಿದರೆ ಎಳೆಗಳು ಸವೆದು ತುಂಡಾಗುತ್ತವೆ, ಉಂಡೆಗಟ್ಟುತ್ತವೆ. ಹುಡುಗರಲ್ಲೊಬ್ಬನಿಗೆ ಯಂತ್ರದ ಸದ್ದು ಬಲು ಇಷ್ಟ. ಅವನ ಕೈಯಿಂದ ಸ್ವಿಚ್ಚು ಕಸಿದುಕೊಳ್ಳುವುದೇ ಮೇಸ್ತ್ರಿಯವರ ದಿನನಿತ್ಯದ ಕೆಲಸವಾಯಿತು.

ಕೈಗವಸು, ಮುಖಕ್ಕೆ ಧೂಳು ತಡೆಯುವ ಸರಿಯಾದ ಮಾಸ್ಕ್ ಇಲ್ಲದೆ ಯಾರೂ ಚೀಲದ ಹತ್ತಿರ ಹೋಗುವಂತಿರಲಿಲ್ಲ. ಸಣ್ಣ ಮರಳಿನ ಧೂಳಿನಲ್ಲಿರುವ ಸಿಲಿಕ ಶ್ವಾಸಕೋಶದಲ್ಲಿ ಕೂತರೆ ಹೊರಬರುವುದಿಲ್ಲ. ಕರವಸ್ತ್ರ ಕಟ್ಟಿಕೊಂಡು ಧೈರ್ಯ ತೋರಿಸುವವರನ್ನು ಕಂಡರೆ ನನಗೀಗ ಸಿಟ್ಟು ಬರುತ್ತದೆ.

ಎರಕ ಎರಡು ಹಂತದ ಕೆಲಸ. ಮೊದಲು ನಾರಿಲ್ಲದ ಪಾಕವನ್ನು ಕಂಪ್ರೆಸರಿನ ಗಾಳಿಯಿಂದ ಅಚ್ಚಿನ ಮೇಲೆ ಎರಡು ಮೂರು ಮಿಲಿಮೀಟರ್ ಸಿಂಪಡಿಸುವುದು. ಜಗತ್ತು ನೋಡುವುದು ಈ ಪದರವನ್ನು ಮಾತ್ರ. ಇದರಲ್ಲಿ ನಾರು ಬೆರೆತರೆ ಬಂಡೆಗೆ ಬಿಳಿ ಕೂದಲು ಬಂದಂತೆ ಕಾಣುತ್ತದೆ. ಅದು ತುಸು ಬಿಗಿದು, ಬೆರಳಿಗೆ ಅಂಟದ ಆದರೆ ಇನ್ನೂ ಹಸಿಯಿರುವ ಹದಕ್ಕೆ ಬಂದಾಗ ನಾರಿನ ಪಾಕವನ್ನು ಕೈಯಿಂದ ಒತ್ತಿ ಹಚ್ಚುವುದು, ಐದಾರು ಮಿಲಿಮೀಟರಿನ ಎರಡು ಪದರ. ಪ್ರತಿ ಪದರವನ್ನೂ ಹಲ್ಲಿರುವ ಸಣ್ಣ ಉರುಳೆಯಿಂದ ಒತ್ತಿ ಉರುಳಿಸಬೇಕು. ಒಳಗಿನ ಗಾಳಿ ಹೊರಬೀಳುತ್ತದೆ, ಜೊತೆಗೆ ಎಳೆಗಳು ಮಲಗಿಕೊಳ್ಳುತ್ತವೆ. ಹಲಗೆಯ ಮೈಗೆ ಸಮಾನಾಂತರವಾಗಿ ಮಲಗಿದ ಎಳೆ ಮಾತ್ರ ಭಾರ ಎಳೆಯುತ್ತದೆ, ಅಡ್ಡಾದಿಡ್ಡಿ ನಿಂತದ್ದು ಬರೀ ತೂಕ. ಉರುಳೆ ಆಡಿಸುವುದು ಬೇಸರದ ಕೆಲಸ, ಮಣಿಕಟ್ಟು ನೋಯುತ್ತದೆ. ಆದರೂ ಇಡೀ ಪ್ರಕ್ರಿಯೆಯಲ್ಲಿ ಬಲ ಹುಟ್ಟುವುದು ಆ ಉರುಳೆಯ ಅಡಿಯಲ್ಲಿ.

ಹಿಂಬದಿ ಇನ್ನೂ ಹಸಿಯಿರುವಾಗಲೇ ಆಸರೆಗಳನ್ನು ಕೂರಿಸಬೇಕು: ಸತು ಲೇಪಿಸಿದ ತೆಳು ಸಲಾಕೆಗಳನ್ನು ಬಗ್ಗಿಸಿ, ಅದೇ ಪಾಕದ ಅಂಗೈಯಗಲದ ಬಿಲ್ಲೆಯಿಂದ ಒತ್ತಿ ಅಂಟಿಸುವುದು. ಸಲಾಕೆ ತೆಳ್ಳಗಿರಲು ಕಾರಣವಿದೆ. ಬಿಸಿಲಿಗೆ, ತೇವಕ್ಕೆ ಹಲಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಸಲಾಕೆ ಅದರೊಡನೆ ತುಸು ಬಾಗಬೇಕು. ಬಿಗಿಯಾಗಿ ಹಿಡಿದರೆ ಹಲಗೆ ತಾನೇ ಸೀಳಿಕೊಳ್ಳುತ್ತದೆ. ಆಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬಿಡುವುದು. ಪಾಲಿಮರ್ ಇರುವುದರಿಂದ ವಾರಗಟ್ಟಲೆ ನೀರುಣಿಸುವ ಅಗತ್ಯವಿಲ್ಲ, ಅದು ಒಳಗಿನ ತೇವ ಆರದಂತೆ ತಡೆಯುತ್ತದೆ. ಮರುದಿನ ಅಚ್ಚಿನಿಂದ ಬಿಡಿಸಿದ ಹಲಗೆಯನ್ನು ಇಬ್ಬರೇ ಎತ್ತಿ ಗೋಡೆಗೆ ಒರಗಿಸಿದರು. ಆಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಬೂದು ಬಣ್ಣದ, ಇನ್ನೂ ಬಣ್ಣವೇ ಕಾಣದ ಆ ಚಿಪ್ಪು ಅಡ್ಡ ಬಿಸಿಲಿನಲ್ಲಿ ಆಗಲೇ ಬಂಡೆಯಾಗಿತ್ತು. ಕಣ್ಣು ಕಲ್ಲನ್ನು ಓದುವುದು ನೆರಳಿನಿಂದ ಎಂದು ನಾನು ನಂಬುವುದು ಅಂದಿನಿಂದ.

ಗೋಡೆಯ ಮುಂದೆ ವೆಲ್ಡರ್ ಅಷ್ಟರಲ್ಲಿ ಕಬ್ಬಿಣದ ಚೌಕಟ್ಟು ನಿಲ್ಲಿಸಿದ್ದ. ಹಲಗೆಗಳ ಸಲಾಕೆಗಳನ್ನು ಅದಕ್ಕೆ ಬೆಸೆಯುತ್ತಾ ಹೋದೆವು. ಬೆಸುಗೆಯ ಬಿಸಿಗೆ ಸತು ಸುಟ್ಟುಹೋದ ಕಡೆಯೆಲ್ಲ ಮತ್ತೆ ಸತುವಿನ ಬಣ್ಣ. ಒಂದೇ ಅಚ್ಚಿನ ಹಲಗೆಯನ್ನು ಎರಡು ಕಡೆ ಬಳಸಬೇಕಾಗಿ ಬಂದಾಗ ತಿರುಗಿಸಿ ಹಾಕುವುದು ವಾಡಿಕೆ. ಇಲ್ಲೂ ಬಿರುಕಿನ ನಿಯಮ ಅಡ್ಡ ಬರುತ್ತದೆ. ತಲೆಕೆಳಗಾಗಿ ತಿರುಗಿಸಿದರೆ ಸೀಳುಗಳ ದಿಕ್ಕು ಹಾಗೆಯೇ ಉಳಿಯುತ್ತದೆ, ಕಾಲು ಸುತ್ತು ತಿರುಗಿಸಿದರೆ ಕೆಡುತ್ತದೆ. ತಲೆಕೆಳಗು ಮಾಡಿದಾಗ ಇನ್ನೊಂದು ತೊಡಕು, ನೀರು ತಂಗಿ ಸವೆಸಿದ ಗುಳಿ ಚಾವಣಿಗೆ ಹೋಗಿಬಿಡುತ್ತದೆ. ಅಂಥವನ್ನು ಗಾರೆಯಿಂದ ತುಂಬಿ ಬೇರೆ ಆಕಾರ ಕೊಟ್ಟೆವು.

ಹಲಗೆಗಳ ನಡುವೆ ಅಂಗೈ ತೂರುವಷ್ಟು ಸಂದು ಬಿಟ್ಟಿದ್ದೆವು. ಈ ಸಂದುಗಳೇ ಮೇಸ್ತ್ರಿಯವರ ನಿಜವಾದ ರಾಜ್ಯ. ಹಿಂದೆ ಜಾಲರಿ ಕಟ್ಟಿ, ನಾರಿನ ಗಾರೆ ತುಂಬಿ, ಅದು ಬಿಗಿಯುತ್ತಾ ಬರುವ ಆ ಸ್ವಲ್ಪ ಹೊತ್ತಿನಲ್ಲಿ ಎರಡೂ ಬದಿಯ ಬಂಡೆಯನ್ನು ಒಂದಾಗಿಸಬೇಕು. ಅವರ ಆಯುಧಗಳನ್ನು ನೋಡಿದರೆ ನಗು ಬರುತ್ತಿತ್ತು: ಸವೆದ ಕರಣೆ, ಮುರಿದ ಗರಗಸದ ಅಲಗು, ತಂತಿಯ ಕುಂಚ, ಮುದುಡಿದ ಅಲ್ಯೂಮಿನಿಯಂ ಹಾಳೆ, ಹರಿದ ಸ್ಪಂಜು, ಅಚ್ಚಿನಿಂದ ಕತ್ತರಿಸಿಕೊಂಡ ಲ್ಯಾಟೆಕ್ಸಿನ ತುಣುಕುಗಳು. ಮೆತ್ತಗಿರುವಾಗ ಆಕಾರ, ತುಸು ಬಿಗಿದಾಗ ಲ್ಯಾಟೆಕ್ಸ್ ಒತ್ತಿ ಒರಟುತನ, ಇನ್ನೂ ಗಟ್ಟಿಯಾದಾಗ ಅಲಗಿನಿಂದ ಒಡೆದು ಅಂಚು. ಕೆತ್ತಿದ ಅಂಚಿಗೂ ಒಡೆದ ಅಂಚಿಗೂ ಬಹಳ ಅಂತರ. ಕಲ್ಲು ಒಡೆಯುತ್ತದೆ, ಆದ್ದರಿಂದ ಗಾರೆಯನ್ನೂ ಒಡೆಯಬೇಕು. ಹಸಿಯಿರುವಾಗ ಕೊರೆದ ಬಿರುಕಿನ ತುಟಿಗಳು ಯಾವಾಗಲೂ ಉಬ್ಬಿ, ಮಣ್ಣಿನಲ್ಲಿ ಗೀಚಿದ ಗೆರೆಯ ಹಾಗೆ ನಿಲ್ಲುತ್ತವೆ. ಬಿರುಕು ಒಂದೇ ಅಗಲ ಇರಕೂಡದು. ಎರಡು ಸೀಳು ಕೂಡುವಲ್ಲಿ ಅಗಲ, ಮುಂದೆ ಹೋದಂತೆ ಸಣ್ಣದಾಗಿ ಕೂದಲೆಳೆಯಾಗಿ ಮುಗಿಯಬೇಕು. ಒಳಗೆ ಕತ್ತಲೆ ಕೂರುವಷ್ಟು ಆಳವೂ ಇರಬೇಕು. ನಾನು ಮಾಡಿದ ಸಂದುಗಳನ್ನು ಅವರು ನೋಡುವ ರೀತಿಯೇ ಬೇರೆ: ಕೊಳದ ಆಚೆ ದಡಕ್ಕೆ ಹೋಗಿ, ಕಣ್ಣು ಅರ್ಧ ಮುಚ್ಚಿ ನಿಂತು, ಏನೂ ಹೇಳದೆ ವಾಪಸು ಬಂದರೆ ಅದು ಒಪ್ಪಿಗೆ.

ಕೈಯಿಂದಲೇ ಬಂಡೆ ಮಾಡುವ ಈ ವಿದ್ಯೆ ಗಾಜಿನ ನಾರಿಗಿಂತ ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೇಮ್ಸ್ ಪುಲ್ಹಮ್ ಕುಟುಂಬದವರು ಇಟ್ಟಿಗೆ ಚೂರು, ಕಿಟ್ಟದ ರಾಶಿಯ ಮೇಲೆ ಸಿಮೆಂಟು ಹಚ್ಚಿ ಬಂಡೆ ಕಟ್ಟುತ್ತಿದ್ದರು. ಲಂಡನ್ನಿನ ಬ್ಯಾಟರ್‌ಸೀ ಉದ್ಯಾನದ ಕೆರೆಯ ದಡದಲ್ಲಿ ಅವರ ಕೆಲಸ ಈಗಲೂ ನಿಂತಿದೆ. ಪ್ಯಾರಿಸ್ಸಿನ ಬ್ಯೂಟ್ ಶೋಮಾನ್ ಉದ್ಯಾನದ ಗುಹೆ 1867ರದು, ಹ್ಯಾಂಬರ್ಗ್‌ನಲ್ಲಿ ಕಾರ್ಲ್ ಹಾಗೆನ್‌ಬೆಕ್ ಪಂಜರಗಳ ಬದಲು ಕೃತಕ ಬಂಡೆಗಳ ನಡುವೆ ಪ್ರಾಣಿಗಳನ್ನು ಬಿಟ್ಟ ಮೃಗಾಲಯ 1907ರದು. ಪ್ಯಾರಿಸ್ಸಿನ ವೆನ್ಸೆನ್ ಮೃಗಾಲಯದಲ್ಲಿ 1934ರಲ್ಲಿ ಎದ್ದ ದೊಡ್ಡ ಬಂಡೆ 65 ಮೀಟರ್ ಎತ್ತರ, ಒಳಗೆ ಟೊಳ್ಳು. 1990ರ ದಶಕದಲ್ಲಿ ಅದಕ್ಕೆ ದೊಡ್ಡ ದುರಸ್ತಿ ಬೇಕಾಯಿತು. ಕಬ್ಬಿಣದ ಕಂಬಿ ಹಾಕಿದ ತೆಳು ಕಾಂಕ್ರೀಟಿನ ಶಾಪವೇ ಅದು: ಮೇಲಿನ ಹೊದಿಕೆ ತೆಳುವಾದಷ್ಟೂ ತೇವ ಬೇಗ ಕಂಬಿಗೆ ತಲುಪುತ್ತದೆ, ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟು ಸಿಡಿಯುತ್ತದೆ. ಗಾಜಿಗೆ ತುಕ್ಕಿಲ್ಲ. 15 ಮಿಲಿಮೀಟರಿನಲ್ಲಿ ನಿಲ್ಲುವ ಧೈರ್ಯ ಬಂದದ್ದು ಹಾಗೆ.

ಟೊಳ್ಳಿನ ಮಾತು ಬಂದದ್ದರಿಂದ ಹೇಳುತ್ತೇನೆ, ಕೃತಕ ಬಂಡೆಯನ್ನು ಕಂಡವರು ಮಾಡುವ ಮೊದಲ ಕೆಲಸ ಬೆರಳ ಗೆಣ್ಣಿನಿಂದ ತಟ್ಟುವುದು. ಡಬ್ಬ ಬಡಿದ ಸದ್ದು ಬಂತೆಂದರೆ ಅಷ್ಟೂ ದಿನದ ದುಡಿಮೆ ನಗೆಪಾಟಲು. ಅದಕ್ಕೆಂದೇ ಮನುಷ್ಯನ ಕೈಗೆಟುಕುವ ಎತ್ತರದವರೆಗೆ ಹಲಗೆಗಳ ಬೆನ್ನಿಗೆ ಗಾರೆ ತುಂಬಿಸಿದೆವು. ಮೇಲಿನದು ಟೊಳ್ಳಾಗಿಯೇ ಇದೆ. ಅಲ್ಲಿಗೆ ಏಣಿ ಹಾಕಿ ತಟ್ಟುವವರು ಇನ್ನೂ ಬಂದಿಲ್ಲ.

ಬಣ್ಣಕ್ಕೆ ಕೈ ಹಾಕುವ ಮೊದಲು ಕೆಲವು ವಾರ ಬಿಡಬೇಕು. ಹೊಸ ಸಿಮೆಂಟಿನ ಸುಣ್ಣ ತೇವದೊಡನೆ ಮೇಲೆ ಬಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಬಿಳಿ ಪುಡಿಯಾಗಿ ಕೂರುತ್ತದೆ. ಅದರ ಮೇಲೆ ಬಣ್ಣ ಹಚ್ಚಿದರೆ ಪುಡಿಯೊಡನೆ ಬಣ್ಣವೂ ಏಳುತ್ತದೆ. ಮೆಟಾಕಯೋಲಿನ್ ಹಾಕಿದ್ದಕ್ಕೆ ನಮಗೆ ಅದರ ಕಾಟ ಕಡಿಮೆ, ಪೂರ್ತಿ ಇಲ್ಲವೆನ್ನಲಾರೆ.

ಗೋಡೆಗೆ ಬಳಿಯುವ ದಟ್ಟ ಬಣ್ಣ ಇಲ್ಲಿ ಸಲ್ಲದು. ಅದು ರಂಧ್ರಗಳನ್ನು ಮುಚ್ಚಿ ಕಲ್ಲಿಗೆ ಪ್ಲಾಸ್ಟಿಕ್ಕಿನ ಚರ್ಮ ಹೊದಿಸುತ್ತದೆ. ನಾವು ಬಳಸಿದ್ದು ಕಬ್ಬಿಣದ ಆಕ್ಸೈಡ್ ವರ್ಣಗಳ ನೀರಾದ ಲೇಪಗಳನ್ನು: ಕೆಂಪು, ಹಳದಿ, ಕಪ್ಪು. ಕ್ಷಾರಕ್ಕೂ ಬಿಸಿಲಿಗೂ ಇವು ಮಾಸುವುದಿಲ್ಲ, ನಿಜವಾದ ಕಲ್ಲಿಗೆ ಬಣ್ಣ ಕೊಡುವುದೂ ಬಹುಮಟ್ಟಿಗೆ ಕಬ್ಬಿಣವೇ. ಮೊದಲು ಇಡೀ ಮೈಗೆ ಬೂದಿಯಲ್ಲಿ ತುಸು ಗುಲಾಬಿ ಬೆರೆತ ತಿಳಿ ಲೇಪ. ಅದರ ಮೇಲೆ ಕಪ್ಪು ಮಿಶ್ರಿತ ಕಂದು ನೀರನ್ನು ಧಾರಾಳವಾಗಿ ಸಿಂಪಡಿಸಿ, ಆರುವ ಮೊದಲೇ ಒದ್ದೆ ಸ್ಪಂಜಿನಿಂದ ಉಬ್ಬುಗಳ ಮೇಲಿನದನ್ನು ಒರೆಸಿ ತೆಗೆಯುವುದು. ತಗ್ಗಿನಲ್ಲಿ, ಸೀಳಿನಲ್ಲಿ ಕಪ್ಪು ಉಳಿಯುತ್ತದೆ. ಆ ಒಂದು ಒರೆಸುವಿಕೆಯಲ್ಲಿ ಬಂಡೆಗೆ ವಯಸ್ಸು ಬಂದುಬಿಡುತ್ತದೆ. ಆಮೇಲೆ ಗ್ರಾನೈಟಿನ ಕಣಗಳು: ಗಡುಸು ಕುಂಚವನ್ನು ಬೆರಳಿನಿಂದ ಮೀಟಿ ಕಪ್ಪು, ಬಿಳಿ, ಮಸುಕು ಗುಲಾಬಿ ಚುಕ್ಕೆಗಳನ್ನು ಸಿಡಿಸುವುದು. ನಮ್ಮ ಮುಖದ ಮೇಲೂ ಅಷ್ಟೇ ಗ್ರಾನೈಟ್ ಬಿದ್ದಿರುತ್ತಿತ್ತು.

ನನಗೆ ಅತ್ಯಂತ ಖುಷಿ ಕೊಟ್ಟದ್ದು ಕಲೆಗಳನ್ನು ಮಾಡುವುದು. ಮಳೆನೀರು ಪದೇ ಪದೇ ಇಳಿಯುವ ದಾರಿಯಲ್ಲಿ ಬಂಡೆಯ ಮೇಲೆ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಪಟ್ಟೆ ಕಟ್ಟುತ್ತವೆ. ಸೀಳಿನ ಬಾಯಿಂದ ಒಸರುವ ನೀರು ಕಬ್ಬಿಣವನ್ನು ಹೊತ್ತು ತಂದು ಕಾವಿಯ ಕಲೆ ಬಿಡುತ್ತದೆ. ಈ ಪಟ್ಟೆಗಳನ್ನು ಎಲ್ಲಿ ಬೇಕೆಂದರಲ್ಲಿ ಬಳಿಯುವ ಹಾಗಿಲ್ಲ. ಒಂದು ತಂಬಿಗೆ ನೀರನ್ನು ಮೇಲಿನ ಅಂಚಿನಿಂದ ಸುರಿದು, ಅದು ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ತಂಗುತ್ತದೆ, ಯಾವ ಚಾಚಿನ ಕೆಳಗೆ ತಲುಪುವುದೇ ಇಲ್ಲ ಎಂದು ನೋಡಿ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡೆ. ಕುಂಚ ಆ ಗುರುತನ್ನೇ ಹಿಂಬಾಲಿಸಿತು. ಮಾರನೆಯ ಮಳೆ ನನ್ನ ಪಟ್ಟೆಗಳ ಮೇಲೆಯೇ ಇಳಿಯಿತು, ಬೇರೆ ದಾರಿ ಹಿಡಿಯಲಿಲ್ಲ. ಕಲ್ಲುಹೂವಿನ ಬೂದು ಹಸಿರು ಬಿಲ್ಲೆಗಳನ್ನು ಮಾತ್ರ ಬಹಳ ಕಡಿಮೆ ಹಾಕಿದೆವು, ಬಿಸಿಲು ಬೀಳುವ ಮೇಲಿನ ಮುಖಗಳ ಮೇಲಷ್ಟೆ. ಅದರಲ್ಲಿ ಕೈ ಬಿಗಿ ಹಿಡಿಯದಿದ್ದರೆ ಬಂಡೆ ನಾಟಕದ ಪರದೆಯಾಗುತ್ತದೆ. ಒದ್ದೆ ಸಿಮೆಂಟು ಎಲ್ಲ ಬಣ್ಣವನ್ನೂ ಕಪ್ಪಾಗಿಸಿ ತೋರಿಸುವುದರಿಂದ, ಒಣಗಿದ ಮೇಲೆ ನೋಡದೆ ಯಾವ ಲೇಪದ ಬಗ್ಗೆಯೂ ತೀರ್ಪು ಕೊಡುವಂತಿರಲಿಲ್ಲ. ಕಾಯುವುದೇ ಕೆಲಸದ ಅರ್ಧ ಭಾಗ.

ಬುಡದಲ್ಲಿ ಹಲಗೆಗಳನ್ನು ನೆಲಮಟ್ಟಕ್ಕೆ ನಿಲ್ಲಿಸದೆ ಒಂದು ಗೇಣಿನಷ್ಟು ಮಣ್ಣಿನೊಳಗೆ ಇಳಿಸಿದ್ದೆವು, ನೀರಿನಂಚಿನಲ್ಲಿ ನೀರಿನೊಳಕ್ಕೂ. ನೆಲದ ಮೇಲೆ ಇಟ್ಟಂತೆ ಕಾಣುವ ಬಂಡೆ ಇಟ್ಟ ಬಂಡೆಯೇ. ನೆಲದಿಂದ ಎದ್ದಂತೆ ಕಾಣಬೇಕಾದರೆ ಅದರ ಸ್ವಲ್ಪ ಭಾಗವನ್ನು ಹೂಳಲೇಬೇಕು. ಒಳ್ಳೆಯ ಕೆಲಸ ಮಣ್ಣಿನಡಿ ಹೋಗುತ್ತದಲ್ಲ ಎಂದು ಹುಡುಗರಿಗೆ ಬೇಜಾರು. ಕೆಳಗೆ ಬಿದ್ದ ತುಂಡುಗಳೆಂದು ಇಟ್ಟ ಎರಡು ಮೂರು ಕಲ್ಲುಗಳಿಗೆ ಮೇಲೆ ಅಳತೆಗೆ ಸರಿಯಾದ ಗೂಡುಗಳನ್ನು ಬಿಟ್ಟಿದ್ದೇವೆ. ಮೇಸ್ತ್ರಿಯವರ ಪ್ರಶ್ನೆಗೆ ಈಗ ಉತ್ತರವಿದೆ.

ಕೊಳಕ್ಕೆ ಮೀನು ಬಿಡುವ ಆತುರ ಎಲ್ಲರಿಗೂ ಇತ್ತು. ಹೊಸ ಕಾಂಕ್ರೀಟು ನೀರಿಗೆ ಸುಣ್ಣ ಬಿಡುತ್ತದೆ. ಮೊದಲ ಸಲ ತುಂಬಿಸಿ ನಿಲ್ಲಿಸಿದ ನೀರಿನಲ್ಲಿ ಪಿಎಚ್ ಕಾಗದ ಅದ್ದಿದಾಗ ಅದು ಕಡು ನೀಲಿಗೆ ತಿರುಗಿತು, ಮೀನಿಗೆ ಸಾವೇ ಸರಿ. ತುಂಬಿಸಿ, ಕೆಲವು ದಿನ ನಿಲ್ಲಿಸಿ, ಖಾಲಿ ಮಾಡಿ, ಗೋಡೆ ಉಜ್ಜಿ, ಮತ್ತೆ ತುಂಬಿಸುತ್ತಾ ಹೋದೆವು. ನೀರಿನೊಳಗಿನ ಭಾಗಕ್ಕೆ ಮೀನಿಗೆ ಹಾನಿಯಿಲ್ಲದ ಮುಚ್ಚುಲೇಪವನ್ನೂ ಹಚ್ಚಿದೆವು. ಪಿಎಚ್ 8ರ ಆಸುಪಾಸಿಗೆ ಇಳಿದು ಅಲ್ಲೇ ನಿಂತ ಮೇಲೆ ಮೊದಲು ಜಲಸಸ್ಯ, ಆಮೇಲೆ ಮೀನು.

ಒಂದು ಮಳೆಗಾಲ ಕಳೆದ ಮೇಲೆ ಸಂದುಗಳಲ್ಲಿ ಎರಡು ಕಡೆ ಕೂದಲೆಳೆಯ ಬಿರುಕು ಕಾಣಿಸಿದೆ. ಗಾರೆ ಒಣಗಿ ಕುಗ್ಗುವಾಗ ಹೀಗಾಗುವುದು ಸಾಮಾನ್ಯ. ಒಂದಕ್ಕೆ ಬಣ್ಣ ಬೆರೆಸಿದ ಪಾಲಿಮರ್ ಗಾರೆ ತುಂಬಿದೆವು, ಏಕೆಂದರೆ ಅದು ಬಂಡೆಯ ಸೀಳುಗಳಿಗೆ ಅಡ್ಡಲಾಗಿ ಓಡಿತ್ತು. ಇನ್ನೊಂದು ತಾನಾಗಿಯೇ ಉಳಿದ ಸೀಳುಗಳ ದಿಕ್ಕಿಗೆ ಸಾಗಿದೆ. ಮೇಸ್ತ್ರಿಯವರು ಅದನ್ನು ಆಚೆ ದಡದಿಂದ ನೋಡಿ, ಹಾಗೇ ಇರಲಿ ಎಂದರು. ತುಂಬಿಸುವ ಬದಲು ಅದರ ಬಾಯನ್ನು ಅಲಗಿನಿಂದ ತುಸು ಒಡೆದು, ಕಾವಿಯ ನೀರು ಬಿಟ್ಟಿದ್ದೇನೆ.